ಪಾಲಾಗದ ಸಂಖ್ಯೆ

ಒಕ್ವುದಿಲಿ ಮಾಸ್ತರರು ತೊಂಬತ್ತೇಳರವರೆಗೆ ಭಾಗಿಸಿ ನೋಡಿ ಊಟಕ್ಕೆದ್ದರು. ತೊಂದರೆಗೆಲ್ಲ ಆ ಊಟವೇ ಮೂಲ.

ಇಗ್ಬೋ ನಾಡಿನ ನಮ್ಮೂರಿನಲ್ಲಿ ಮೇಲ್ಕೇರಿ, ಕೆಳಕೇರಿ ಎಂದು ಎರಡು ಪಕ್ಷ. ದೇವರು ಒಂದೇ ಹೊಳೆ ಕೊಟ್ಟರೂ ನೀರಿಗೆ ಎರಡು ದಾರಿ ಮಾಡಿಕೊಂಡ ಜನ. ಹೇಗೋ ಇಬ್ಬರೂ ಸೇರಿ ಸಭಾಭವನವೊಂದನ್ನು ಕಟ್ಟಿದರು. ಅದರ ಬಾಗಿಲ ಮೇಲೆ ಯಾರೂ ಪಾಲು ಮಾಡಲಾಗದ ದೊಡ್ಡ ಸಂಖ್ಯೆಯೊಂದನ್ನು ಕೊರೆಸಿದರೆ, ಅದನ್ನು ನೋಡಿಯಾದರೂ ಊರು ಒಡೆಯದೆ ಉಳಿದೀತು ಎಂದು ಹಿರಿಯರಿಗೆ ತೋರಿತು. ಗಣಿತ ಕಲಿಸುವ ಒಕ್ವುದಿಲಿ ಮಾಸ್ತರರು 1000001 ಎಂದು ಬರೆದುಕೊಟ್ಟರು. ಅದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಯಾವುದಕ್ಕೂ ಬಗ್ಗದು ಎಂದರು. ಅದಕ್ಕಾಗಿ ಭವನ ತೆರೆಯುವ ದಿನ ಅವರಿಗೆ ಹಿರಿಯರ ಕೆಂಪು ಟೋಪಿ ಎಂದು ನಿಶ್ಚಯವಾಯಿತು. ಓರಗೆಯವರೆಲ್ಲ ಟೋಪಿ ಧರಿಸಿ ಕುರ್ಚಿಯಲ್ಲಿ ಕೂತಾಗ, ಬರಿದಲೆಯಲ್ಲಿ ಹಿಂದೆ ನಿಂತು ನಿಂತು ಅವರ ಕಾಲು ಸೋತಿತ್ತು.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ರಸಾಯನಶಾಸ್ತ್ರದ ಮಾಸ್ತರ ಚಿಜಿಂದು ಗೋಡೆಯ ಮೇಲಿಂದ ಇಣುಕಿದ.

"ಏನಪ್ಪಾ ಹೊಸ ಹಿರಿಯ, ನೂರ ಒಂದರಿಂದ ಭಾಗಿಸಿ ನೋಡಿದ್ಯಾ?"

"ಯಾಕೆ?"

"ಸುಮ್ನೆ ಕೇಳ್ದೆ. ಒಂಬತ್ತು ಸಾವಿರದ ಒಂಬೈನೂರ ಒಂದು ಸಲ ಹೋಗುತ್ತೆ. ಶೇಷ ಇಲ್ಲ."

ಮಾಸ್ತರರ ಮುಖ ನೀರು ಬತ್ತಿದ ಗಡಿಗೆಯ ಗೆಣಸಿನಂತಾಯಿತು. "ಯಾರಿಗೂ ಹೇಳ್ಬೇಡ ಮಾರಾಯ."

"ನಾನ್ಯಾಕೆ ಹೇಳ್ಲಿ? ನನ್ನ ಹೆಂಡ್ತಿಗೆ ಮಾತ್ರ ಹೇಳಿದೀನಿ. ಅವಳು ಸಂತೆಗೆ ಹೋಗಿದಾಳೆ."

ಇಬ್ಬರೂ ಊಟದ ಮಾತೆತ್ತದೆ ಭಾಗಿಸಲು ಕೂತರು. ಕೊನೆಯ ಒಂದನ್ನು ಮೂರು ಮಾಡಿದರೆ ಸಾವಿರದೊಳಗಿನ ಯಾವ ಸಂಖ್ಯೆಯೂ ಅದನ್ನು ಒಡೆಯದು ಎಂದು ಖಚಿತವಾಯಿತು. ಮಾಸ್ತರರು ಗಾರೆ ಕೆಲಸದ ನ್ವಾಫೊರ್‌ನ ಬಳಿಗೆ ಓಡಿದರು.

"ಮೊನ್ನೆ ಒಂದು, ಇವತ್ತು ಮೂರು. ನಾಳೆ ಐದು ಅನ್ಬೇಡಿ, ಸಿಮೆಂಟು ಮುಗೀತು," ಎಂದು ಗೊಣಗುತ್ತ ನ್ವಾಫೊರ್ ಏಣಿ ಹತ್ತಿದ. ಏಣಿ ಹಿಡಿದ ಮಾಸ್ತರರ ಹೊಸ ಸಿಂಹಮುಖಗಳ ಚಿತ್ತಾರದ ಅಂಗಿಯ ಮೇಲೆ ಸಿಮೆಂಟು ಬಿದ್ದು, ಸಿಂಹಗಳೆಲ್ಲ ಮುದಿಯಾದವು. ಹಳೆಯ ಒಂದು ಮುಚ್ಚಿತು, ಮೂರು ಮೂಡಿತು, ಮೇಲೆ ಪರದೆ ಬಿತ್ತು.

ಮಧ್ಯಾಹ್ನ ಬಾಗಿಲ ಎಡಕ್ಕೆ ಮೇಲ್ಕೇರಿ, ಬಲಕ್ಕೆ ಕೆಳಕೇರಿ ಕೂತವು. ಎಲ್ಲರಿಗಿಂತ ಹಿರಿಯರಾದ ಮೇಲ್ಕೇರಿಯ ಉದೆಮೆಜುವೆ ಸಭೆಗೆ ಮುನ್ನ ಒಡೆದು ಹಂಚುವ ಕೋಲಾ ಕಾಯಿ ಎತ್ತಿ ಇಗ್ಬೋ ಭಾಷೆಯಲ್ಲೇ ಪ್ರಾರ್ಥಿಸಿದರು. ಕೋಲಾ ಕಾಯಿಗೆ ಇಂಗ್ಲಿಷ್ ತಿಳಿಯದು ಎಂದು ನಮ್ಮವರ ನಂಬಿಕೆ. ದೇವರ ವಿಷಯದಲ್ಲಿ ಅಷ್ಟು ಖಚಿತವಿಲ್ಲ. ಪರದೆ ಸರಿಯಿತು.

"ಇದೇನು?" ಎಂದರು ಉದೆಮೆಜುವೆ. "ನಮ್ಮ ತಲೆ ಮೇಲೆ ಒಂದು, ಅವರ ತಲೆ ಮೇಲೆ ಮೂರಾ? ಯಾವ ಕಡೆಯಿಂದ ಓದಿದ್ರೂ ಒಂದೇ ಸಮ ಇದೆ ಅಂತ ತಾನೇ ನಾವು ಒಪ್ಪಿದ್ದು?"

"ನಿಮಗೇನು ಕಮ್ಮಿ?" ಎಂದರು ಕೆಳಕೇರಿಯ ಎಜೆಆನಿ. "ಓದೋಕೆ ಶುರು ಮಾಡೋದೇ ನಿಮ್ಮ ಕಡೆಯಿಂದ. ನಾವು ಯಾವಾಗ್ಲೂ ಬಾಲ."

ಮಾಸ್ತರರು ಎದ್ದರು. "ಹಿರಿಯರೇ, ಮೊದಲಿನದು ನೂರ ಒಂದು ಪಾಲಾಗ್ತಿತ್ತು. ಇದು ಆಗೋಲ್ಲ."

"ನೂರ ಒಂದು ಕೇರಿ ಎಲ್ಲಿವೆಯಯ್ಯಾ?" ಎಂದರು ಎಜೆಆನಿ. "ಇರೋದು ಎರಡು. ಎರಡು ಪಾಲು ಮೊದಲಿನದೂ ಆಗ್ತಿರಲಿಲ್ಲ."

ಸಂಜೆಯೊಳಗೆ ಭವನದ ನಡುವೆ ಬಿದಿರಿನ ತಡಿಕೆ ಎದ್ದಿತು. ಆಮೇಲೆ ಮಾಸ್ತರರಿಗೆ ಟೋಪಿ ಕೊಡಬೇಕೆ ಎಂದು ತಡಿಕೆಯ ಎರಡೂ ಕಡೆ ಕೇಳಲಾಯಿತು. ಆ ಕಡೆ ಒಂದು ಕೈಯೂ ಏಳಲಿಲ್ಲ; ಈ ಕಡೆಯೂ ಏಳಲಿಲ್ಲ. ಅಜ್ಜಂದಿರ ಕಾಲದಿಂದ ಕಾಣದಿದ್ದ ಒಗ್ಗಟ್ಟನ್ನು ಊರು ಅಂದು ಕಂಡಿತು.