ಲೆಟಿಸ್‌ಗೆ ಹಚ್ಚಿದ ಕೂಲರ್

ಸಿಂದಗಿಯ ಬಿಸಿಲಿಗೆ ಹೆದರುವವರು ಹೆದರಲಿ, ನಾನು ಹೆದರುವುದಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ಡಾಕ್ಟರೇಟ್ ಪಡೆದು ನಿವೃತ್ತಳಾದವಳು ನಾನು. ಗಿಡಗಳು ನನ್ನ ಮಾತು ಕೇಳಬೇಕೇ ಹೊರತು ಬಿಸಿಲಿನ ಮಾತನ್ನಲ್ಲ. ಹಾಗೆಂದೇ ಫೆಬ್ರುವರಿಯಲ್ಲಿ, ನಮ್ಮ ಮಾಳಿಗೆಯ ಮೇಲೆ ಲೆಟಿಸ್ ಎಂಬ ತಂಪುದೇಶದ ಸೊಪ್ಪು ಬೆಳೆಯುವುದಾಗಿ ಘೋಷಿಸಿದೆ.

ಘೋಷಣೆ ಮನೆಯೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಮುದ್ದೇಬಿಹಾಳದ ವಿದ್ಯಾವತಿಗೂ ಫೋನು ಮಾಡಿದೆ. ನನ್ನ ಕಾಲೇಜಿನಲ್ಲೇ ಗೃಹವಿಜ್ಞಾನ ಕಲಿಸುತ್ತಿದ್ದವಳು; ನಾನು ತಪ್ಪುವುದನ್ನು ನೋಡಲು ಇಡೀ ನೌಕರಿ ಕಾದು, ನಿರಾಸೆಯಿಂದ ನಿವೃತ್ತಳಾದವಳು. ಏಪ್ರಿಲ್‌ನಲ್ಲಿ ಊಟಕ್ಕೆ ಬಾ, ನಾನು ಬೆಳೆದ ಲೆಟಿಸ್ ತಿನ್ನುವೆಯಂತೆ ಎಂದೆ. ಅನುಮಾನ ಬರುವಷ್ಟು ಬೇಗ ಒಪ್ಪಿದಳು.

"ರೊಟ್ಟಿ ಜೋಡಿ ಹಕ್ಕರಕಿ ಐತಿ, ಮೆಂತೆ ಐತಿ. ಇದೊಂದು ಯಾಕ?" ಎಂದರು ನಮ್ಮ ಮನೆಯವರು, ಬಸಂತರಾಯರು. ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಸೊಪ್ಪನ್ನು ರೊಟ್ಟಿಯೊಂದಿಗೆ ಹಸಿಯಾಗಿ ತಿನ್ನುವುದು ನಮ್ಮ ಕಡೆಯ ರೂಢಿ. ತಾನಾಗಿ ಹುಟ್ಟುವುದಾದರೆ ನನ್ನ ಪಾಂಡಿತ್ಯಕ್ಕೇನು ಕೆಲಸ ಎಂದು ಕೇಳಿದೆ.

ಲೆಟಿಸ್ ಬೀಜಕ್ಕೆ ಸೆಕೆ ಆಗದು. ಫ್ರಿಜ್ಜಿನಲ್ಲಿಟ್ಟು ಮೊಳಕೆ ಬರಿಸಿದೆ; ಮೊಸರು ಹೊರಗೆ ಬಂದು ಹುಳಿಯಾಯಿತು. ಸಸಿಗೆ ಬಿಸಿಲು ಆಗದು. ಹಸಿರು ಬಲೆ ಕಟ್ಟಿದೆ, ತೋಯ್ದ ಗೋಣಿಚೀಲ ಇಳಿಬಿಟ್ಟೆ. ಮಾರ್ಚ್ ಬಂದಾಗ ಅದೂ ಸಾಲಲಿಲ್ಲ. ಆಗ ಒಂದು ಐತಿಹಾಸಿಕ ನಿರ್ಣಯ ಕೈಗೊಂಡೆ. ಮಲಗುವ ಕೋಣೆಯ ಕೂಲರ್ ಮಾಳಿಗೆ ಏರಿತು.

"ಮತ್ತ ನನಗ?"

"ನಿಮಗ ಬೀಸಣಿಕಿ ಐತ್ರಿ."

"ನಾ ಗಿಡದಂಗ ತಪ್ಪಲಾ ಬಿಡೂದಿಲ್ಲಂತ ಹಿಂಗ ಮಾಡ್ತಿ?"

ಮರುದಿನವೇ ಅವರೂ ಹೊರಸು ಹೊತ್ತು ಮಾಳಿಗೆ ಏರಿದರು. ಕೂಲರ್‌ಗೂ ಕುಂಡಗಳಿಗೂ ನಡುವೆ ಅದನ್ನು ಹಾಕಿ ಮಲಗತೊಡಗಿದರು. ತಂಪು ಗಾಳಿ ಮೊದಲು ಅವರಿಗೆ, ಉಳಿದದ್ದು ಲೆಟಿಸ್‌ಗೆ. ತಿಂಗಳೊಪ್ಪತ್ತಿನಲ್ಲಿ ಅವರು ದುಂಡಗಾದರು, ಲೆಟಿಸ್ ಉದ್ದವಾಯಿತು. ಸೆಕೆ ಹೆಚ್ಚಿದರೆ ಲೆಟಿಸ್ ದಂಟೆತ್ತಿ ಹೂ ಬಿಡುತ್ತದೆ, ಎಲೆ ಕಹಿಯಾಗುತ್ತದೆ. ಇದನ್ನು ತರಗತಿಯಲ್ಲಿ ನಾನೇ ಹೇಳಿದ್ದೇನೆ. ನನ್ನ ಪಾಠವನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಊಟದ ದಿನ ಬೆಳಿಗ್ಗೆ ಒಂದು ಎಲೆ ಅಗಿದು ನೋಡಿದೆ. ಸೊಟ್ಟಗಾದ ಮುಖ ಸರಿಹೋಗುವ ಮೊದಲೇ ವಿದ್ಯಾವತಿಯ ಫೋನು ಬಂತು, ಬಸ್ಸು ತಾಳಿಕೋಟಿ ದಾಟಿದೆಯೆಂದು. ಸಂಜೆಯೊಳಗೆ ಜಿಲ್ಲೆಯ ನಿವೃತ್ತ ಪ್ರಾಧ್ಯಾಪಕರೆಲ್ಲ ನನ್ನ ಸೋಲನ್ನು ಚಹಾದೊಂದಿಗೆ ನೆಂಜಿಕೊಳ್ಳುವುದು ಖಚಿತವಾಯಿತು.

"ಇಲ್ಲಿ ನೋಡು," ಎಂದರು ಮನೆಯವರು.

ಕುಂಡ ತುಂಬಲು ಹೊಲದಿಂದ ತರಿಸಿ ಮಿಕ್ಕಿದ್ದ ಮಣ್ಣು ಕೂಲರ್ ಕೆಳಗೆ ಬಿದ್ದಿತ್ತು. ಸೋರಿದ ನೀರು ಕುಡಿದು ಅದರ ತುಂಬ ಹಕ್ಕರಕಿ ಎದ್ದು ನಿಂತಿತ್ತು, ಎಳೆಯದು, ರಸಭರಿತ.

"ಇದನ್ನ ಹರದು ಮ್ಯಾಲ ಶೇಂಗಾ ಚಟ್ನಿ ಉದುರಸು. ಲೆಟಿಸ್ ಅನ್ನು. ಕೂಲರ್ ಮಾತ್ರ ಇವತ್ತ ಸಂಜೀಕ ಕೆಳಗ ಬರಬೇಕು."

ಎರಡೂ ಸೇವಂತಿಗೆಯ ಕುಟುಂಬದವೇ. ಇದು ಸುಳ್ಳಲ್ಲ, ಸ್ವಲ್ಪ ದೂರದ ಸಂಬಂಧ, ಎಂದು ಮನಸ್ಸಾಕ್ಷಿಗೆ ಉಪನ್ಯಾಸ ಕೊಟ್ಟು ಬುಟ್ಟಿ ತುಂಬಿಸಿದೆ.

ವಿದ್ಯಾವತಿ ರೊಟ್ಟಿಯೊಂದಿಗೆ ಅದನ್ನು ಉಂಡಳು. ಮತ್ತೆ ಬಡಿಸಿಕೊಂಡಳು. ಲೆಟಿಸ್‌ನ ಇತಿಹಾಸವನ್ನು ನಾನು ಈಜಿಪ್ಟಿನಿಂದ ಆರಂಭಿಸಿ ಸಿಂದಗಿಗೆ ತಂದು ಮುಟ್ಟಿಸಿದೆ. ಕೈತೊಳೆದವಳೇ ತೋಟ ನೋಡುವೆನೆಂದು ಮಾಳಿಗೆ ಏರಿದಳು, ಹಿಂದೆ ನಾವಿಬ್ಬರು. ಹೂಬಿಟ್ಟು ನಿಂತ ಕುಂಡಗಳ ಮುಂದೆ ನಿಂತಳು.

"ಇವೇನ್ರಿ ರಾಯರ?"

"ಕಸಾ ಬೆಳದೈತ್ರಿ," ಎಂದರು ನಮ್ಮವರು. "ಕೀಳಾಕ ಇಕಿಗೆ ಪುರಸೊತ್ತಿಲ್ಲ."

ವಿದ್ಯಾವತಿ ತಲೆಯಾಡಿಸಿದಳು. ಗೆದ್ದೆನೆಂದು ನಾನು ಉಸಿರು ಬಿಟ್ಟೆ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಆಕೆ ಹೇಳಿದಳು:

"ಅಕ್ಕಾರ, ನಿಮ್ಮ ಲೆಟಿಸ್ ಭಾಳ ರುಚಿ ಇತ್ತರಿ. ಯಂಕಂಚಿ ಊರಾಗ ನಮ್ಮ ತವರುಮನಿ ಹೊಲದಾಗೂ ಇದ ಬೆಳೀತೈತಿ. ಪಾಪ, ಅಲ್ಲಿ ಅದಕ್ಕ ಯಾರೂ ಕೂಲರ್ ಹಚ್ಚಿಲ್ಲ ನೋಡ್ರಿ."

ಸಂಜೆ ಕೂಲರಿನ ಒಂದು ಬದಿಯನ್ನು ಅವರು ಹಿಡಿದರು, ಇನ್ನೊಂದು ಬದಿಯನ್ನು ನಾನು. ಮೆಟ್ಟಿಲು ಇಳಿಯುವವರೆಗೆ ಇಬ್ಬರೂ ಬಿಸಿಲಿನ ಮಾತೆತ್ತಲಿಲ್ಲ.