ಎರಡು ದಿನ ಸೌಟು ಮುಟ್ಟುವುದಿಲ್ಲ

ನಮ್ಮ ಮನೆಗೆ ಪುಕ್ಕಟೆಯಾಗಿ ಬಂದದ್ದು ಯಾವುದೂ ನನ್ನ ಸೊಂಟ ನೋಯಿಸದೆ ಬಿಟ್ಟದ್ದಿಲ್ಲ. ಅಕ್ಕಿಯ ಚೀಲದ ಜೊತೆ ಒಮ್ಮೆ ಜ್ಯೂಸರ್ ಪುಕ್ಕಟೆ ಸಿಕ್ಕಿತು. ಅಂದಿನಿಂದ ನಮ್ಮವರಿಗೆ ಬೆಳಿಗ್ಗೆ ಕ್ಯಾರೆಟ್ ಜ್ಯೂಸ್ ಕುಡಿಯದೆ ಕಣ್ಣು ಬಿಡಲಿಕ್ಕಾಗುವುದಿಲ್ಲ. ಅವರು ಕುಡಿಯುತ್ತಾರೆ, ಅದರ ಬಿಡಿಭಾಗಗಳನ್ನೆಲ್ಲ ನಾನು ತೊಳೆಯುತ್ತೇನೆ. ಎದುರು ಫ್ಲ್ಯಾಟಿನವರು ಕೆಲಸ ಬಿಟ್ಟು ಊರಿಗೆ ಹೊರಟಾಗ ಮೀನಿನ ತೊಟ್ಟಿಯನ್ನು ಪ್ರೀತಿಯಿಂದ ಪುಕ್ಕಟೆ ಕೊಟ್ಟು ಹೋದರು. ಈಗ ಆ ಮೀನುಗಳಿಗೂ ನನ್ನ ಕೈಯಡುಗೆಯೇ ಆಗಬೇಕು. ಹೀಗಿರುವಾಗ ಪಂಚತಾರಾ ರೆಸಾರ್ಟಿನಲ್ಲಿ ಎರಡು ದಿನದ ವಾಸವೇ ಪುಕ್ಕಟೆ ಸಿಕ್ಕಿತೆಂದರೆ ನಾನು ಹೆದರಬೇಕಿತ್ತು. ನಾನೋ, ಬುದ್ಧಿಯಿಲ್ಲದವಳು, ಖುಷಿಪಟ್ಟೆ.

ದೊಡ್ಡ ಮನಸ್ಸು

ನಮ್ಮವರು ಕುವೈತಿನ ಮೀನಾ ಅಬ್ದುಲ್ಲಾದ ಒಂದು ಕಂಪೆನಿಯ ಆಫೀಸಿನಲ್ಲಿದ್ದಾರೆ. ಆ ಕಂಪೆನಿಯ ವಾರ್ಷಿಕ ಪಾರ್ಟಿ ಈ ಸಲ ಕಡಲ ಬದಿಯ ಒಂದು ರೆಸಾರ್ಟಿನಲ್ಲಾಯಿತು. ರೆಸಾರ್ಟಿನವರು ಸಂತೋಷಪಟ್ಟು ಕಂಪೆನಿಯ ಯಜಮಾನರಿಗೆ ಎರಡು ದಿನದ ವಿಲ್ಲಾ ಕಾಣಿಕೆ ಕೊಟ್ಟರು. ಯಜಮಾನರಿಗೆ ಅದೇ ಕಡಲ ಬದಿಯಲ್ಲಿ ಅದಕ್ಕಿಂತ ದೊಡ್ಡ ಸ್ವಂತ ಬಂಗಲೆಯೇ ಇದೆ. ಹಾಗಾಗಿ ಅವರ ಮನಸ್ಸು ಒಮ್ಮೆಲೇ ದೊಡ್ಡದಾಯಿತು. "ಯಲ್ಲಾ, ನೀನು ಹೋಗು, ಫ್ಯಾಮಿಲಿ ಕರೆದುಕೊಂಡು ಹೋಗು" ಎಂದು ನಮ್ಮವರ ಬೆನ್ನು ತಟ್ಟಿದರಂತೆ. ಸಂಬಳ ಏರಿಸುವಾಗ ಮಾತ್ರ ಆ ಕೈ ಬೆನ್ನಿನ ತನಕ ಬರುವುದಿಲ್ಲ.

ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಇಡೀ ದಿನ ಬಾಯಿ ತೆರೆದವರನ್ನು ನೋಡಿ ಮಹಬೂಲಾದ ಫ್ಲ್ಯಾಟಿಗೆ ಬಂದರೆ ಇಲ್ಲಿಯೂ ಬಾಯಿ ತೆರೆದುಕೊಂಡು ಕಾಯುವವರೇ. ಅದಕ್ಕೇ ನಮ್ಮವರು ತಂದ ವಿಲ್ಲಾದ ಕಾಣಿಕೆ ಕಾಗದ ನೋಡಿದವಳೇ ಹೇಳಿದೆ: "ಎರಡು ದಿನ ನಾನು ಸೌಟು ಮುಟ್ಟುವುದಿಲ್ಲ. ಒಪ್ಪಿಗೆ ಇದ್ದರೆ ಬರುತ್ತೇನೆ."

"ಸೌಟಾ? ನೀನು ನೀರಿನ ಲೋಟ ಕೂಡ ಎತ್ತಬೇಡ ಮಾರಾಯ್ತಿ. ನನ್ನ ಮೇಲೆ ಬಿಡು" ಎಂದರು ನಮ್ಮವರು.

ಅಷ್ಟರಲ್ಲಿ ಸುದ್ದಿ ಸಾಲ್ಮಿಯಾದಲ್ಲಿರುವ ಅತ್ತಿಗೆಯ ಮನೆಗೆ ತಲುಪಿತ್ತು. ಅತ್ತಿಗೆ ಎಂದರೆ ನಮ್ಮವರ ಅಕ್ಕ. ಅವರ ಗಂಡ, ನಮ್ಮವರ ಭಾವ, ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಕ್ಯಾಸಿನೋ ಉಂಟಾ? ಅವರದ್ದೇ ಬೇರೆ ದೇಶದ ರೆಸಾರ್ಟಿನಲ್ಲಿ ದೊಡ್ಡದು ಉಂಟು, ಫೋಟೋ ನೋಡಿದ್ದೇನೆ."

ಜೂಜಿಗೆ ನಿಷೇಧವಿರುವ ಕುವೈತಿನಲ್ಲಿ ಕ್ಯಾಸಿನೋ ಎಲ್ಲಿದೆ ಎಂದು ಕೇಳುವುದೂ ಊರಿಗೆ ಒನ್‌ವೇ ಟಿಕೆಟ್ ಕೊಡಿ ಎಂದು ಕೇಳುವುದೂ ಒಂದೇ. ಅದನ್ನು ನಮ್ಮವರು ವಿವರಿಸಿದರು. ಭಾವ ನಿಟ್ಟುಸಿರು ಬಿಟ್ಟರು. "ಹೋಗಲಿ ಬಿಡು, ಆದರೂ ನಾವು ಬರುತ್ತೇವೆ" ಎಂದರು. ಬನ್ನಿ ಎಂದು ನಾವು ಇನ್ನೂ ಕರೆದಿರಲೇ ಇಲ್ಲ.

ಔಷಧ

ಅತ್ತಿಗೆ ಬಂದದ್ದು ಒಂದು ಸೂಟ್‌ಕೇಸಿನೊಂದಿಗೆ. ಅದರಲ್ಲಿ ಬಟ್ಟೆ ಎರಡು ಜೊತೆ ಇರಬಹುದು. ಉಳಿದ ಜಾಗದಲ್ಲಿ ಕುಕ್ಕರ್. ಕುಕ್ಕರಿನೊಳಗೆ ಕುಚಲಕ್ಕಿ, ಕುಚಲಕ್ಕಿಯೊಳಗೆ ಹುಗಿದಿಟ್ಟ ಉಪ್ಪಿನಕಾಯಿ ಬಾಟಲಿ, ಅದರ ಪಕ್ಕದಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಣಮೀನು.

"ಅಲ್ಲಿ ನೂರು ಬಗೆ ಇರಬಹುದು. ಗಂಜಿ ಇರುತ್ತದಾ?" ಎಂದು ಅತ್ತಿಗೆ ನನ್ನನ್ನೇ ಕೇಳಿದರು, ಮೆನು ನಾನೇ ಬರೆದವಳ ಹಾಗೆ.

ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಕನ್ನಡ ಬರಲಿ ಎಂದು ಅವಳು ಹುಟ್ಟಿದಾಗಿನಿಂದ ನಾನು ಕನ್ನಡದಲ್ಲೇ ಮಾತಾಡುತ್ತೇನೆ. ಅವಳಿಗೆ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷ್. ಕುಕ್ಕರ್ ನೋಡಿ "ಓ ಮೈ ಗಾಡ್, ದಿಸ್ ಈಸ್ ಸೋ ಎಂಬರಾಸಿಂಗ್" ಎಂದು ಟೊಪ್ಪಿ ಮುಖದ ಮೇಲೆ ಎಳೆದುಕೊಂಡಳು.

ರೆಸಾರ್ಟಿನ ಬಾಗಿಲಲ್ಲಿ ಸಾಮಾನು ತಪಾಸಣೆಯ ಯಂತ್ರವಿತ್ತು. ಪರದೆಯ ಮೇಲೆ ಕುಕ್ಕರ್ ಮೂಡಿದ ಕೂಡಲೇ ಸೆಕ್ಯೂರಿಟಿಯವನ ಮುಖದ ಬಣ್ಣವೇ ಬದಲಾಯಿತು. ಸೂಟ್‌ಕೇಸ್ ತೆರೆಸಿದ. ಕೆಂಪು ಅಕ್ಕಿಯನ್ನು ಬೆರಳಲ್ಲಿ ತಿರುವಿ "ಶೂ ಹಾದಾ, ಇದು ಏನು?" ಎಂದ.

ಅಡುಗೆ ಸಾಮಾನು ಒಳಗೆ ತರಬಾರದು ಎಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು. ನಮ್ಮವರು ಅದನ್ನು ಓದಿ, ಬಹಳ ಬುದ್ಧಿ ಉಪಯೋಗಿಸಿ, "ಮೆಡಿಸಿನ್. ನನ್ನ ಅಕ್ಕನಿಗೆ ಆರೋಗ್ಯ ಸರಿಯಿಲ್ಲ. ಅವಳಿಗೆ ಇದೇ ಔಷಧ" ಎಂದರು.

ಸೆಕ್ಯೂರಿಟಿಯವನು ಕರುಣಾಮಯಿ. ಒಳಗೆ ಬಿಟ್ಟ. ಅಷ್ಟೇ ಅಲ್ಲ, ನಾವು ವಿಲ್ಲಾದ ಬಾಗಿಲು ತೆರೆಯುವಷ್ಟರಲ್ಲಿ ರೋಗಿಯನ್ನು ನೋಡಲು ರೆಸಾರ್ಟಿನ ನರ್ಸಮ್ಮನನ್ನೂ ಕಳಿಸಿದ್ದ. ಅತ್ತಿಗೆ ಬೇರೆ ದಾರಿಯಿಲ್ಲದೆ ಮಂಚದ ಮೇಲೆ ಮಲಗಿ ನರಳಬೇಕಾಯಿತು. ನರ್ಸಮ್ಮ ಬಿಪಿ ನೋಡಿದಳು, ಹುಬ್ಬೇರಿಸಿದಳು, ಇನ್ನೊಮ್ಮೆ ನೋಡಿದಳು. ಸುಳ್ಳು ರೋಗಿಗೆ ನಿಜವಾದ ಬಿಪಿ ಇತ್ತು.

"ಉಪ್ಪು ಖಲಾಸ್. ಎಣ್ಣೆ ಖಲಾಸ್. ಕಿಚನ್‌ಗೆ ನಾನೇ ಹೇಳುತ್ತೇನೆ" ಎಂದು ನರ್ಸಮ್ಮ ನಗುತ್ತಾ ಹೊರಟಳು. ಹೋಗುವಾಗ ಒಣಮೀನು, ಉಪ್ಪಿನಕಾಯಿ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋದಳು. ಅಕ್ಕಿ ಮಾತ್ರ ಬಿಟ್ಟಳು, ಅದು ಔಷಧವಲ್ಲವೇ!

ಬಾಳೆಹಣ್ಣಿನ ಸಂಚು

ಮರುದಿನ ಬೆಳಗಿನ ತಿಂಡಿಗೆ ಬುಫೆ. ಕಣ್ಣು ಹಾಯಿಸಿದಷ್ಟೂ ತಿನಿಸು. ಇದನ್ನೆಲ್ಲ ಯಾರೋ ಮಾಡಿದ್ದಾರೆ, ಆ ಯಾರೋ ನಾನಲ್ಲ ಎಂಬ ಒಂದೇ ಯೋಚನೆಗೆ ನನಗೆ ಕಣ್ಣು ತುಂಬಿ ಬಂತು.

ನಮ್ಮವರು ಮತ್ತು ಭಾವ ಬುಫೆಯನ್ನು ಪುಕ್ಕಟೆ ಸಿಕ್ಕವರು ತಿನ್ನುವ ಹಾಗೆಯೇ ತಿಂದರು. ಒಂದು ತಟ್ಟೆಯಲ್ಲಿ ಆಮ್ಲೆಟ್, ಹಲ್ವ, ಹಮ್ಮುಸ್, ಕಲ್ಲಂಗಡಿ, ಅದರ ಮೇಲೆ ನೂಡಲ್ಸ್. ಅತ್ತಿಗೆ ಎಲ್ಲಿ ಕೈಚಾಚಿದರೂ ಟೊಪ್ಪಿಯ ಅಡುಗೆಯವನೊಬ್ಬ ಪ್ರತ್ಯಕ್ಷನಾಗಿ "ಸಾರಿ ಮ್ಯಾಡಮ್, ನಾಟ್ ಫಾರ್ ಯೂ" ಎನ್ನುತ್ತಿದ್ದ. ಕೊನೆಗೆ ಅವರ ಮುಂದೆ ಬಂದದ್ದು ಬೇಯಿಸಿದ ಕೋಸುಗಡ್ಡೆ, ಉಪ್ಪಿಲ್ಲದ್ದು.

ಅತ್ತಿಗೆಯ ಕಣ್ಣು ಕೆಂಪಾಯಿತು. ನಮ್ಮವರು ಧ್ವನಿ ತಗ್ಗಿಸುವ ಗೋಜಿಗೂ ಹೋಗದೆ ತುಳುವಿನಲ್ಲಿ ಯೋಜನೆ ಹೇಳಿದರು: ಭಾವ ಕಾಫಿ ಚೆಲ್ಲುವುದು, ಎಲ್ಲರೂ ಆ ಕಡೆ ನೋಡುವಾಗ ಅಕ್ಕನ ಬ್ಯಾಗಿಗೆ ಮೊಟ್ಟೆ, ಬಾಳೆಹಣ್ಣು, ಬನ್ನು ತುಂಬಿಸುವುದು. "ಆ ದಪ್ಪ ಮೀಸೆಯ ವೇಟರ್ ನಿದ್ದೆಗಣ್ಣಿನಲ್ಲಿದ್ದಾನೆ, ಅವನಿಗೆ ಎಂತದೂ ಗೊತ್ತಾಗುವುದಿಲ್ಲ" ಎಂದು ಧೈರ್ಯವನ್ನೂ ಕೊಟ್ಟರು.

ಭಾವ ಕಾಫಿ ಚೆಲ್ಲಿದರು. ದಪ್ಪ ಮೀಸೆಯ ವೇಟರ್ ಬಟ್ಟೆ ಹಿಡಿದು ಬಂದು ಮೇಜು ಒರೆಸಿದರು. ಆಮೇಲೆ ಅತ್ತಿಗೆಯ ಬ್ಯಾಗಿನತ್ತ ಬಾಗಿ, ನಮ್ಮೂರಿನದ್ದೇ ತುಳುವಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು: "ಅಕ್ಕಾ, ಬಾಳೆಹಣ್ಣು ಮೇಲೆ ಇಡಿ. ಮೊಟ್ಟೆಯ ಅಡಿಗೆ ಬಿದ್ದರೆ ಜಜ್ಜಿಹೋಗುತ್ತದೆ."

ಉಪ್ಪು ಎಲ್ಲಿದೆ

ಬನ್ನು ತಿಂದರೆ ಅತ್ತಿಗೆಗೆ ಗಂಜಿಯ ಹಸಿವು ಹೋಗುತ್ತದೆಯೇ? ವಿಲ್ಲಾದಲ್ಲಿ ಚೆಂದದ ಒಂದು ಅಡುಗೆಮೂಲೆ ಇತ್ತು. ಅದನ್ನು ನೋಡಿದಾಗಲೇ ನಾನು ಅದಕ್ಕೆ ಬೆನ್ನು ಹಾಕಿದ್ದೆ. ನಮ್ಮವರು ನನ್ನ ಮುಖ ನೋಡಿದರು. ನಾನು ಕಿಟಕಿಯಿಂದ ಕಡಲು ನೋಡಿದೆ.

"ಒಂದು ಮುಷ್ಟಿ ಅಕ್ಕಿ ಮಾತ್ರ..." ಎಂದರು.

"ಸೌಟು" ಎಂದೆ.

"ಸರಿ ಸರಿ, ನಾನೇ ಇಡುತ್ತೇನೆ. ಗಂಜಿಯಲ್ಲಿ ಎಂತ ಉಂಟು? ನೀರು, ಅಕ್ಕಿ. ನೀನು ಮಸಾಜಿಗೆ ಹೋಗು."

ಕಾಣಿಕೆಯಲ್ಲಿ ಒಬ್ಬರಿಗೆ ಮಸಾಜ್ ಸೇರಿತ್ತು. ಜನ್ಮದಲ್ಲೇ ಮೊದಲ ಸಲ. ಮಂದ ಬೆಳಕು, ಲಾವಂಚದಂಥ ಪರಿಮಳ, ಎಲ್ಲಿಂದಲೋ ಕೊಳಲು. ಫಿಲಿಪ್ಪೀನ್ಸಿನ ಹೆಂಗಸೊಬ್ಬಳು ನನ್ನ ಹೆಗಲಿನ ಮೇಲೆ ಕೈಯಿಟ್ಟು "ರಿಲ್ಯಾಕ್ಸ್, ಮ್ಯಾಡಮ್" ಎಂದಳು. ನಾನು ಕಣ್ಣು ಮುಚ್ಚಿದೆ. ಫೋನು ಹೊಡೆದುಕೊಂಡಿತು.

"ನೀರು ಎಷ್ಟು ಇಡುವುದು?" ಎಂದರು ನಮ್ಮವರು. ಹೇಳಿದೆ. ಕಣ್ಣು ಮುಚ್ಚಿದೆ. ಮತ್ತೆ ಫೋನು. "ಸೀಟಿ ಎಷ್ಟು?" ಹೇಳಿದೆ. ಮತ್ತೆ ಫೋನು. "ಸೀಟಿ ಬರುತ್ತಾ ಇಲ್ಲ, ಬದಲಿಗೆ ಕೆಂಪು ನೀರು ಬರುತ್ತಾ ಉಂಟು. ಪರವಾಗಿಲ್ಲವಾ?" ಮತ್ತೆ ಫೋನು. "ಉಪ್ಪು ಎಲ್ಲಿದೆ?"

ಆ ಅಡುಗೆಮೂಲೆಯೊಳಗೆ ನಾನು ಕಾಲೇ ಇಟ್ಟಿರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡೇ, "ಒಲೆಯ ಬಲಬದಿಯ ಮೇಲಿನ ಬಾಗಿಲು ತೆರೆಯಿರಿ" ಎಂದೆ. ಆ ಕಡೆಯಿಂದ "ಹಾಂ, ಸಿಕ್ಕಿತು!" ಎಂಬ ಕೂಗು ಕೇಳಿತು.

ಮಸಾಜಿನವಳು ಕೈ ನಿಲ್ಲಿಸಿ "ಹಸ್ಬೆಂಡ್?" ಎಂದಳು. ಹೌದೆಂದೆ. "ಸಾಲ್ಟ್?" ಎಂದಳು. ನಮ್ಮ ಮಾತು ಅವಳಿಗೆ ಹೇಗೆ ಅರ್ಥವಾಯಿತೆಂದು ನನಗೆ ಆಶ್ಚರ್ಯ. ಅವಳು ನನ್ನ ಬೆನ್ನು ನೀವುತ್ತಾ ಹೇಳಿದಳು: "ನನ್ನ ಗಂಡ ಮನಿಲಾದಲ್ಲಿದ್ದಾನೆ, ಮ್ಯಾಡಮ್. ನಾನು ಮನೆ ಬಿಟ್ಟು ಆರು ವರ್ಷ. ಅವನೂ ಫೋನ್ ಮಾಡಿ ಇದನ್ನೇ ಕೇಳುತ್ತಾನೆ."

ನಮ್ಮ ಸ್ವಂತ ಕ್ಯಾಸಿನೋ

ವಿಲ್ಲಾಕ್ಕೆ ಮರಳಿದಾಗ ಗಂಜಿ ಕುಕ್ಕರಿಗಿಂತ ಹೆಚ್ಚು ಗೋಡೆಯ ಮೇಲಿತ್ತು. ಅತ್ತಿಗೆ ಹೊಟ್ಟೆಗೆ ಗಂಜಿಯಿಲ್ಲದೆ ಸೋಫಾದ ಮೇಲೆ ಒರಗಿದ್ದರು. ಈಗ ನಿಜವಾದ ರೋಗಿಯ ಕಳೆ ಬಂದಿತ್ತು. ಸಂಜೆಗೆ ಗಂಜಿ ಮಾಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನಿಜವಾಗಿ ಅಳು ಬಂತು. ಎರಡು ದಿನ! ಇಷ್ಟು ವರ್ಷಗಳಲ್ಲಿ ಎರಡೇ ಎರಡು ದಿನ ಕೇಳಿದ್ದೆ.

ಆಗ ಭಾವ ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು. "ಕ್ಯಾಸಿನೋ ಇಲ್ಲದಿದ್ದರೆ ಬೇಡ, ನಮ್ಮದೇ ಮಾಡುವಾ. ಹಣ ಬೇಡಪ್ಪ, ಹಣ ಇಟ್ಟರೆ ಜೈಲು. ಪಣ ಕೆಲಸದ್ದು. ರಮ್ಮಿಯಲ್ಲಿ ಸೋತವರು ಅಡುಗೆ ಮಾಡಬೇಕು."

"ಪಾಪ, ಅವಳಿಗೆ ಆಡಲಿಕ್ಕೆ ಬರುವುದಿಲ್ಲ" ಎಂದರು ನಮ್ಮವರು, ಗೆದ್ದವರ ಧ್ವನಿಯಲ್ಲಿ.

ಮದುವೆಯಾಗಿ ಹದಿನೈದು ವರ್ಷವಾದರೂ ನಮ್ಮವರು ಕೇಳದೇ ಇದ್ದ ಸಂಗತಿಗಳಲ್ಲಿ ಇದೂ ಒಂದು. ನನ್ನ ತವರಿನ ಜಗಲಿಯಲ್ಲಿ ಮಧ್ಯಾಹ್ನ ಬೀಡಿ ಕಟ್ಟುವ ಹೆಂಗಸರು ಸೇರುತ್ತಿದ್ದರು. ಕಂಪೆನಿಗೆ ಒಪ್ಪಿಸುವ ಬೀಡಿಯ ಲೆಕ್ಕ ಮುಗಿದ ಮೇಲೆ ಇಸ್ಪೀಟು. ಪಣಕ್ಕೆ ಕಟ್ಟಿದ ಬೀಡಿಗಳು. ನನ್ನ ಅಮ್ಮನ ಕೈಗೆ ಸಿಕ್ಕಿ ಇಡೀ ದಿನದ ದುಡಿಮೆ ಕಳೆದುಕೊಂಡು ಹೋದವರಿದ್ದಾರೆ. ನಾನು ಅವಳ ಪಕ್ಕದಲ್ಲಿ ಕೂತು ಕಲಿತವಳು.

"ಸ್ವಲ್ಪ ಸ್ವಲ್ಪ ಹೇಳಿಕೊಡಿ" ಎಂದೆ.

ಹೇಳಿಕೊಟ್ಟರು. ಮೊದಲ ಆಟದಲ್ಲಿ ನಮ್ಮವರು ಸೋತರು. ಸಂಜೆಯ ಗಂಜಿ ಅವರದ್ದಾಯಿತು. "ಹೊಸಬರ ಅದೃಷ್ಟ" ಎಂದು ನಕ್ಕು ಪಣ ಏರಿಸಿದರು, ಒಂದು ವಾರದ ಪಾತ್ರೆ. ಸೋತರು. ಭಾವ ಎಲೆ ಕೆಳಗಿಟ್ಟು "ನಾನು ಇನ್ನಿಲ್ಲ" ಎಂದು ಹಿಂದೆ ಸರಿದರು. ನಮ್ಮವರು ಮಾತ್ರ ತೋಳು ಮಡಚಿದರು. ಕ್ಯಾಸಿನೋದಲ್ಲಿ ಜನ ಮನೆಮಠ ಕಳೆದುಕೊಳ್ಳುವುದು ಹೇಗೆಂದು ನನಗೆ ಅರ್ಥವಾದದ್ದು ಆವಾಗಲೇ.

"ಒಂದು ತಿಂಗಳ ಅಡುಗೆ!" ಎಂದು ಘೋಷಿಸಿದರು.

ನಾನು ಎಲೆಗಳನ್ನು ಮೇಜಿನ ಮೇಲೆ ಹರಡಿದೆ. ಅತ್ತಿಗೆ ಸೋಫಾದಿಂದ ಎದ್ದು ಕೂತು, ತಮ್ಮನ ಕಡೆ ಅಲ್ಲ, ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಮರುದಿನ ರೆಸಾರ್ಟ್ ಬಿಡುವ ತನಕ ನಾನು ಕಡಲ ಬದಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಎರಡು ದಿನ ಕೇಳಿದವಳಿಗೆ ಒಂದು ತಿಂಗಳು ಸಿಕ್ಕಿತ್ತು. ಇದಕ್ಕಿಂತ ದೊಡ್ಡ ಜಾಕ್‌ಪಾಟ್ ಯಾವ ದೇಶದಲ್ಲಿದೆ?

ನಮ್ಮವರು ಮಾತಿಗೆ ತಪ್ಪುವವರಲ್ಲ, ಅದೇ ತೊಂದರೆ. ಮಹಬೂಲಾಕ್ಕೆ ಬಂದ ಮೊದಲ ದಿನ ಸಾರು ಮಾಡಿದರು. ಹುಳಿಯ ಬದಲು ಖರ್ಜೂರ ಹಾಕಿದ್ದರು, "ಎರಡೂ ಒಂದೇ ಬಣ್ಣ" ಎಂದರು. ಮರುದಿನ ಮೀನು ಹುರಿದರು. ಕಟ್ಟಡದ ಹಾರಿಸ್, ಎಂದರೆ ವಾಚ್‌ಮನ್, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಾಗಿಲು ಬಡಿದ. ಅದರ ಮರುದಿನ ದೋಸೆ. ಅದನ್ನು ಕಾವಲಿಯಿಂದ ಎಬ್ಬಿಸಲು ಸ್ಕ್ರೂಡ್ರೈವರ್ ಬೇಕಾಯಿತು. ತೊಟ್ಟಿಯ ಮೀನುಗಳಿಗೆ ಉಳಿದ ಅನ್ನ ಹಾಕಿದರು; ಅವು ನೀರಿನ ಇನ್ನೊಂದು ಮೂಲೆಗೆ ಹೋಗಿ ಒತ್ತಾಗಿ ನಿಂತವು. ನಾನು ಸೋಫಾದಲ್ಲಿ ಕೂತು ಎಲ್ಲವನ್ನೂ ತಿಂದೆ. ಗೆದ್ದವಳಲ್ಲವೇ, ತಿನ್ನದೆ ಏನು ಮಾಡಲಿ?

ವಾರ ಕಳೆಯಿತು. ಒಂದು ಸಂಜೆ ನಮ್ಮವರು ಅಡುಗೆಮನೆಯಿಂದ ಇಣುಕಿ, "ಇನ್ನೊಂದು ಆಟ ಆಡುವಾ? ನೀನು ಸೋತರೆ ಅಡುಗೆ ವಾಪಸ್ ನಿನಗೆ, ಗೆದ್ದರೆ ಇನ್ನೂ ಆರು ತಿಂಗಳು ನಾನೇ" ಎಂದರು. ನಾನು ಇಸ್ಪೀಟು ಕಲಸಿ ಹಂಚಿದೆ. ಎಲೆ ಎತ್ತಿ ನೋಡಿದರೆ ಕೈ ತುಂಬ ಜೋಕರ್.

ಮಗಳು ನನ್ನ ಹಿಂದೆ ನಿಂತು ಎಲೆಗಳನ್ನು ನೋಡಿದಳು. ಅಪ್ಪನ ಕಡೆ ನೋಡಿದಳು. ಒಲೆಯ ಮೇಲೆ ಕುದಿಯುತ್ತಿದ್ದ ಹಸಿರು ಬಣ್ಣದ ಏನನ್ನೋ ನೋಡಿದಳು. ಆಮೇಲೆ ನನ್ನ ಕಿವಿಗೆ ಬಾಯಿಯಿಟ್ಟು, ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಆ ಹುಡುಗಿ, ಒಂದಕ್ಷರ ತಪ್ಪದೆ ಕನ್ನಡದಲ್ಲಿ ಹೇಳಿದಳು:

"ಅಮ್ಮಾ, ನಿನ್ನ ದಮ್ಮಯ್ಯ, ಸೋತುಬಿಡು."