ಬಾಳೂರು ಬಾಯಿಗೆ ಚೀನಾದ ಮೂರು ಗೀಟು

ನಗೆಪಾಟಲಾಗಬೇಕು ಅಂತ ಯಾರೂ ಟಿಕೆಟ್ ತೆಗೆದುಕೊಂಡು ಹೋಗುವುದಿಲ್ಲ. ಆದರೆ ನನ್ನ ಹಣೆಬರಹವೇ ಹಾಗೆ. ಬಾಳೂರಿನಿಂದ ಕಳಸಕ್ಕೆ ಹೋಗಿ ಬರುವಷ್ಟರಲ್ಲೇ ಒಂದು ಫಜೀತಿ ಆಗುತ್ತದೆ. ಇನ್ನು ಚೀನಾದಲ್ಲಿ ನಾಲ್ಕು ತಿಂಗಳು ಇದ್ದು ಬಂದರೆ ಎಷ್ಟಾಗಿರಬೇಡ! ಊರಿಗೆ ಬಂದಾಗಿನಿಂದ ಎಲ್ಲರೂ "ಆ ದೊಡ್ಡ ಗೋಡೆ ನೋಡಿದ್ಯಾ?" ಅಂತ ಕೇಳುತ್ತಿದ್ದಾರೆ. ಇಲ್ಲ ಮಾರಾಯ್ರೆ, ಗೋಡೆ ನೋಡಲಿಲ್ಲ. ನಾನು ನೋಡಿದ್ದು ಗೀಟು.

1. ಜೀಪಿನಲ್ಲಿ ಸಿಕ್ಕ ಸಲಹೆ

ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದೆ. ದುಭಾಷಿ ಆಗಬೇಕು ಅನ್ನುವುದು ನನ್ನ ಹುಚ್ಚು. ಒಂದು ವರ್ಷದಿಂದ ಮೊಬೈಲಿನಲ್ಲೇ ಚೀನೀ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ. ಒಂದು ಸೆಮಿಸ್ಟರ್ ಯುನ್ನಾನ್ ಪ್ರಾಂತ್ಯದಲ್ಲಿ, ಅಲ್ಲಿಯವರ ಮನೆಯಲ್ಲೇ ಇದ್ದು ಭಾಷೆ ಕಲಿಯಬಹುದು ಅನ್ನುವ ನೋಟಿಸ್ ಕಂಡದ್ದೇ ಅರ್ಜಿ ಹಾಕಿದೆ. ಸೀಟೂ ಸಿಕ್ಕಿತು. ಪ್ರಿನ್ಸಿಪಾಲರು ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟರು: "ಪಾಸಾದ ಸರ್ಟಿಫಿಕೇಟ್ ತಂದ್ರೆ ಈ ಸೆಮಿಸ್ಟರ್ ಹಾಜರಿ ಕೊಡ್ತೀವಿ. ತರದಿದ್ರೆ ನಿನ್ನ ಒಂದು ವರ್ಷ ಹೋಯ್ತು ಅಂತ ತಿಳ್ಕೊ."

ಅಪ್ಪ ಬಾಳೂರಿನ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಕೊಯ್ದ ಕಾಫಿ ಹಣ್ಣು ತೂಗಿಸುವುದು ಅವರ ಕೆಲಸ. ಮೂರು ದಿನ "ಆಗಲ್ಲ ಅಂದ್ರೆ ಆಗಲ್ಲ" ಅಂತ ಕೂಗಾಡಿದರು. ನಾಲ್ಕನೇ ದಿನ, ಯುನ್ನಾನಿನಲ್ಲೂ ಕಾಫಿ ಬೆಳೆಯುತ್ತಾರೆ ಅಂತ ನಾನು ಹೇಳಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಅರೇಬಿಕಾನಾ, ರೊಬಸ್ಟಾನಾ?"

"ಅರೇಬಿಕಾ, ಅಪ್ಪ."

"ಹಾಗಾದ್ರೆ ಜನ ಒಳ್ಳೆಯವರೇ ಇರ್ತಾರೆ" ಅಂತ ಸಹಿ ಹಾಕಿದರು.

ಹೊರಟ ದಿನ ಕೊಟ್ಟಿಗೆಹಾರದವರೆಗೆ ಜೀಪು. ಡ್ರೈವರಣ್ಣ ದಾರಿಯುದ್ದಕ್ಕೂ ಯೋಚನೆ ಮಾಡಿ ಕೊನೆಗೆ ಕೇಳಿದ, "ಅಲ್ಲ ಕಣೇ, ಆ ಭಾಷೆ ಕಲ್ತು ಬಂದು ನಮ್ಮೂರಲ್ಲಿ ಯಾರ ಹತ್ರ ಮಾತಾಡ್ತೀಯ?"

"ಯಾರ ಹತ್ರಾನೂ ಇಲ್ಲ ಅಣ್ಣ."

"ಹಂಗಾದ್ರೆ ಒಳ್ಳೇದೇ. ಜಗಳ ಮಾಡೋದಿದ್ರೆ ಅದ್ರಲ್ಲೇ ಮಾಡು. ನಿಂಗೂ ಸಮಾಧಾನ, ನಮಗೂ ಬೇಜಾರಿಲ್ಲ."

2. ಅರ್ಧ ಗೀಟು ಕೊಡಿ

ಅಲ್ಲಿಯ ಶಾಲೆಯ ನಿಯಮ ಕೇಳಿ. ಕಾಲಿಟ್ಟ ದಿನದಿಂದ ಚೀನೀ ಭಾಷೆ ಬಿಟ್ಟು ಬೇರೆ ಮಾತು ಬಾಯಿಂದ ಬೀಳಬಾರದು. ಬಿದ್ದರೆ ನಮ್ಮ ಮೇಡಂ ಹಸಿರು ಪುಸ್ತಕ ತೆಗೆದು ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಾರೆ. ಮೂರು ಗೀಟಾದರೆ ಕೊನೆಯ ಮೌಖಿಕ ಪರೀಕ್ಷೆಗೆ ಕೂರಿಸುವುದಿಲ್ಲ, ಸರ್ಟಿಫಿಕೇಟೂ ಇಲ್ಲ. ಮನೆಗೆ ಫೋನ್ ಮಾಡಲು ಭಾನುವಾರ ಅರ್ಧ ಗಂಟೆ ಮಾತ್ರ ವಿನಾಯಿತಿ. ಮೇಡಂ ಗಿಡ್ಡ ಕೂದಲಿನ ಸಣ್ಣ ಆಳು. ಆದರೆ ಅವರು ಕಾರಿಡಾರಿನಲ್ಲಿ ಬಂದರೆ ಬೆಕ್ಕು ಕೂಡ ದಾರಿ ಬಿಡುತ್ತಿತ್ತು.

ಮೊದಲನೇ ದಿನ, ಮೊದಲನೇ ಗಂಟೆ. ತರಗತಿಯ ಹೊಸ್ತಿಲಿಗೆ ನನ್ನ ಕಾಲಿನ ಹೆಬ್ಬೆರಳು ಬಡಿಯಿತು. ಜೀವ ಹೋದಂತಾಗಿ "ಅಯ್ಯೋ, ಅಮ್ಮಾ!" ಅಂತ ಕಿರುಚಿಕೊಂಡೆ.

ಮೇಡಂ ಹತ್ತಿರ ಬಂದರು. ಪಾಪ, ಬೆರಳು ನೋಡಲು ಬಂದರು ಅಂದುಕೊಂಡೆ. ಪುಸ್ತಕ ತೆಗೆದರು. ನಿಧಾನವಾಗಿ, ನನಗೆ ಅರ್ಥ ಆಗುವ ಹಾಗೆ ತೀರ್ಪು ಕೊಟ್ಟರು: "ನೋವಾದರೆ ನಾವೂ 'ಐಯೋ' ಅಂತೀವಿ. ಅದಕ್ಕೆ ತಪ್ಪಿಲ್ಲ. ಅದರ ಮುಂದೆ ಹೇಳಿದ್ದು ನಮ್ಮ ಭಾಷೆ ಅಲ್ಲ. ಅದಕ್ಕೊಂದು ಗೀಟು."

ಅಮ್ಮನನ್ನು ಕರೆದರೆ ಗೀಟು! ಎಂಥ ಅನ್ಯಾಯ ನೋಡಿ. ವಾದ ಮಾಡೋಣ ಅಂದರೆ ವಾದಕ್ಕೆ ಬೇಕಾದಷ್ಟು ಚೀನೀ ನನ್ನ ಹತ್ತಿರ ಇನ್ನೂ ಇರಲಿಲ್ಲ. ಎರಡು ಬೆರಳು ಹತ್ತಿರ ತಂದು ತೋರಿಸಿ, "ಅರ್ಧ ಸರಿ, ಅರ್ಧ ತಪ್ಪು. ಅರ್ಧ ಗೀಟು ಕೊಡಿ" ಅಂದೆ.

ಮೇಡಂ ಒಂದು ನಿಮಿಷ ಯೋಚಿಸಿದರು. ಆಮೇಲೆ ಆಗಲೇ ಎಳೆದಿದ್ದ ಗೀಟನ್ನು ಇನ್ನೂ ಸ್ವಲ್ಪ ಉದ್ದ ಮಾಡಿದರು.

3. ಖಾಲಿ ಬಟ್ಟಲು

ನಾನು ಇದ್ದ ಮನೆಯಾಕೆ ಅಮ್ಮನ ವಯಸ್ಸಿನವರು. ನಾನು ಅವರನ್ನು ಆಂಟಿ ಅಂತಲೇ ಕರೆಯುತ್ತಿದ್ದೆ, ಅವರ ಭಾಷೆಯಲ್ಲಿ. ಒಳ್ಳೆಯ ಹೆಂಗಸು, ಅಡುಗೆಯಲ್ಲಿ ಎತ್ತಿದ ಕೈ. ತೊಂದರೆ ಆದದ್ದು ಉಪಚಾರದಲ್ಲಿ.

ನಮ್ಮ ಕಡೆ ಉಪಚಾರ ಹೇಗೆ ಅಂತ ನಿಮಗೆ ಗೊತ್ತಲ್ಲ. ಮೊದಲನೇ ಸಲ ಬೇಡ ಅಂದರೆ ನಾಚಿಕೆ, ಎರಡನೇ ಸಲ ಅಂದರೆ ಸಂಕೋಚ. ಮೂರನೇ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಗ್ಗಿದರೆ ಬಡಿಸುವವರಿಗೆ ಸ್ವಲ್ಪ ನಂಬಿಕೆ ಬರುತ್ತದೆ. ಆದರೆ ಬಡಿಸಿದ್ದನ್ನು ಮಾತ್ರ ಬಿಡುವ ಹಾಗಿಲ್ಲ. ಎಲೆಯಲ್ಲಿ ಅನ್ನ ಬಿಟ್ಟವಳು ಅಂತ ನಮ್ಮ ಅಜ್ಜಿ ಒಬ್ಬ ಹುಡುಗಿಯ ಸಂಬಂಧವನ್ನೇ ಬೇಡ ಅಂದಿದ್ದಾರೆ.

ಆಂಟಿಯ ಮನೆಯ ಲೆಕ್ಕ ಬೇರೆ. ಬಟ್ಟಲು ಖಾಲಿಯಾದರೆ ಅತಿಥಿಗೆ ಹೊಟ್ಟೆ ತುಂಬಿಲ್ಲ, ಮನೆಯವರಿಗೆ ಅವಮಾನ. ಅವರು ಹಾಕುವುದು, ನಾನು ಅಜ್ಜಿಯನ್ನು ನೆನೆದು ಖಾಲಿ ಮಾಡುವುದು. ಖಾಲಿ ಆಯಿತು ಅಂತ ಅವರು ಮತ್ತೆ ಹಾಕುವುದು. ಬಟ್ಟಲಿನ ಮೇಲೆ ಎರಡೂ ಕೈ ಮುಚ್ಚಿ "ಸಾಕು, ಸಾಕು" ಅಂದೆ. ಬೆರಳಿನ ಸಂದಿಯಲ್ಲಿ ಹಾಕಿದರು. ಹದಿನೈದು ದಿನಕ್ಕೆ ಚೂಡಿದಾರದ ಹೊಲಿಗೆ ಬಿಡಿಸಬೇಕಾಯಿತು.

ಪ್ರತಿ ವಾರ ಮನೆಯವರು ಶಾಲೆಗೆ ಒಂದು ಫಾರಂ ತುಂಬಿ ಕೊಡಬೇಕು. ಅದರಲ್ಲಿ ಒಂದು ಪ್ರಶ್ನೆ: ಹುಡುಗಿ ಮನೆಯಲ್ಲಿ ಬೇರೆ ಭಾಷೆ ಮಾತಾಡುತ್ತಾಳೆಯೇ? ಆಂಟಿ ಸುಳ್ಳು ಹೇಳುವವರಲ್ಲ. ಮೇಡಂ ಆ ಫಾರಮ್ಮನ್ನು ಇಡೀ ತರಗತಿಗೆ ಓದಿ ಹೇಳಿದರು: "ಬಹಳ ಒಳ್ಳೆಯ ಹುಡುಗಿ. ಒಂದೇ ಒಂದು ಪದ ತನ್ನ ಭಾಷೆಯಲ್ಲಿ ಹೇಳುತ್ತಾಳೆ, ಸಾಕು ಅಂತ. ಅದರ ಅರ್ಥ 'ಇನ್ನೂ ಬಡಿಸಿ' ಎಂದು ಇರಬೇಕು. ಏಕೆಂದರೆ ಅದನ್ನು ಹೇಳಿದ ಮೇಲೆ ಹಾಕಿದ್ದನ್ನೆಲ್ಲ ತಿನ್ನುತ್ತಾಳೆ."

ಎರಡನೇ ಗೀಟು ಬಿತ್ತು. ಆ ದಿನ ಸಾಯಂಕಾಲ ಆಂಟಿ, ಪಾಪ, ನನ್ನನ್ನು ಸಮಾಧಾನ ಮಾಡಲು ಒಂದು ಸೌಟು ಜಾಸ್ತಿಯೇ ಹಾಕಿದರು.

4. ಇಬ್ಬರು ಅಮ್ಮಂದಿರ ಕಳಲೆ

ಎರಡು ಗೀಟಾದ ಮೇಲೆ ನನಗೆ ನಿಜವಾಗಿಯೂ ಹೆದರಿಕೆ ಹಿಡಿಯಿತು. ಇನ್ನೊಂದು ಬಿದ್ದರೆ ಒಂದು ವರ್ಷ ನೀರಿನಲ್ಲಿ ಹೋಮ. ಬಾಯಿ ಬಿಟ್ಟರೆ ತಾನೇ ತಪ್ಪು? ಬಿಡುವುದೇ ಬೇಡ ಅಂತ ಬಾಯಿಗೆ ಬೀಗ ಹಾಕಿಕೊಂಡೆ. ಹೌದು, ಇಲ್ಲ, ಸರಿ, ಧನ್ಯವಾದ. ಇಷ್ಟರಲ್ಲೇ ಎರಡು ತಿಂಗಳು ತಳ್ಳಿದೆ. ಬಾಳೂರಿನಲ್ಲಿ ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ.

ಒಂದು ಭಾನುವಾರ ಅಮ್ಮ ವಿಡಿಯೋ ಕಾಲಿನಲ್ಲಿ, "ಆ ಮನೆಯವ್ರನ್ನ ತೋರ್ಸೇ. ಮಗಳನ್ನ ನೋಡ್ಕೊಳ್ತಿದ್ದಾರೆ, ಒಂದು ಮಾತು ಆಡ್ಬೇಡ್ವಾ?" ಅಂತ ಹಟ ಹಿಡಿದಳು.

"ಅವರಿಗೆ ಕನ್ನಡ ಬರಲ್ಲಮ್ಮ."

"ಬರದಿದ್ರೆ ಏನಾಯ್ತು? ನಂಗೆ ಬರತ್ತಲ್ಲ."

ಫೋನು ಆಂಟಿಯ ಕೈಗೆ ಕೊಟ್ಟೆ. ಅಮ್ಮ ಕನ್ನಡದಲ್ಲಿ, ಆಂಟಿ ಚೀನೀ ಭಾಷೆಯಲ್ಲಿ ಶುರು ಹಚ್ಚಿಕೊಂಡರು. ಅಮ್ಮ ಭರಣಿ ತಂದು ಉಪ್ಪಿನಲ್ಲಿ ಹಾಕಿಟ್ಟ ಕಳಲೆ ತೋರಿಸಿದಳು. ಆಂಟಿ ಕುಣಿದಾಡುವುದೊಂದು ಬಾಕಿ. ಓಡಿ ಹೋಗಿ ತಮ್ಮ ಭರಣಿ ತಂದರು, ಅದರಲ್ಲೂ ಎಳೆ ಬಿದಿರಿನ ಕಳಲೆ! ಎಷ್ಟು ದಿನ ನೀರು ಬದಲಾಯಿಸಬೇಕು ಅಂತ ಅಮ್ಮ ಮೂರು ಬೆರಳು ಎತ್ತಿದಳು. ಆಂಟಿ ಇಲ್ಲ ಅಂತ ಐದು ಎತ್ತಿದರು. ಇಬ್ಬರಿಗೂ ಜಗಳ ಹತ್ತಿತು, ಇಬ್ಬರೂ ನಕ್ಕರು. ನನ್ನ ಅರ್ಧ ಗಂಟೆಯಲ್ಲಿ ಇಪ್ಪತ್ತೆಂಟು ನಿಮಿಷ ಮುಗಿದೇ ಹೋಯಿತು.

ಕೊನೆಗೆ ಫೋನು ನನ್ನ ಕೈಗೆ ಬಂದಾಗ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು, "ಎಷ್ಟು ಒಳ್ಳೆಯವ್ರೇ! ಇಷ್ಟು ವರ್ಷ ಆಯ್ತು, ನಾನು ಹೇಳಿದ್ದು ನಿಂಗೂ ನಿಮ್ಮಪ್ಪಂಗೂ ಒಂದಿನ ಹೀಗೆ ಅರ್ಥ ಆಗ್ಲಿಲ್ಲ."

5. ಮೇಡಂ ಕೊಯ್ದ ಕಾಫಿ

ಪರೀಕ್ಷೆಗೆ ಎರಡು ದಿನ ಇರುವಾಗ ಮೇಡಂ ನನ್ನನ್ನು ಕರೆದರು. "ನೀನು ತಪ್ಪು ಮಾಡ್ತಿಲ್ಲ, ನಿಜ. ಯಾಕಂದರೆ ನೀನು ಮಾತೇ ಆಡ್ತಿಲ್ಲ. ಹೀಗೆ ಕೂತರೆ ನಾನು ಹೇಗೆ ಪಾಸು ಮಾಡಲಿ?" ಅಂದರು. ಸರಿ ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಧೈರ್ಯ ಬರಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೂಬಿಟ್ಟೆ.

ಮಾರನೇ ದಿನ ನಮ್ಮನ್ನೆಲ್ಲ ಹಳ್ಳಿಯೊಂದರ ಕಾಫಿ ತೋಟಕ್ಕೆ ಕರೆದುಕೊಂಡು ಹೋದರು. ಜನರ ಜೊತೆ ಬೆರೆತು ಮಾತಾಡಲಿ ಅಂತ. ಇಳಿಜಾರಿನಲ್ಲಿ ಅರೇಬಿಕಾ ಗಿಡಗಳು, ಕೆಂಪಗೆ ಹಣ್ಣು. ನನಗೆ ಕಣ್ಣು ತುಂಬಿ ಬಂತು. ತೋಟದ ಒಡತಿ ಒಬ್ಬ ಮುದುಕಿ, ಎಲ್ಲರ ಸೊಂಟಕ್ಕೂ ಒಂದೊಂದು ಬುಟ್ಟಿ ಕಟ್ಟಿದಳು. ನಾನು ಬಾಯಿ ಮುಚ್ಚಿಕೊಂಡು ನನ್ನ ಪಾಡಿಗೆ ಹಣ್ಣು ಕೊಯ್ಯುತ್ತಿದ್ದೆ.

ಪಕ್ಕದ ಸಾಲಿನಲ್ಲಿ ಎಲೆ ಹರಿಯುವ ಸದ್ದು. ತಿರುಗಿ ನೋಡುತ್ತೇನೆ, ಯಾರೋ ಹುಲ್ಲಿನ ಟೋಪಿಯವಳು ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಹಸುವಿನ ಮೊಲೆ ಹಿಂಡುವ ಹಾಗೆ ಎಳೆಯುತ್ತಿದ್ದಾಳೆ. ಹಣ್ಣು, ಹಸಿರು ಕಾಯಿ, ಎಲೆ, ಎಲ್ಲ ಬುಟ್ಟಿಗೆ. ಅಷ್ಟರಲ್ಲಿ ಲಟಕ್ ಅಂತ ಕೊಂಬೆಯೇ ಮುರಿಯಿತು. ಕಾಫಿ ಗಿಡದ ಆ ಅಡ್ಡ ಕೊಂಬೆಗೆ ನಾವು ರೆಕ್ಕೆ ಅನ್ನುತ್ತೇವೆ. ನಮ್ಮ ತೋಟದಲ್ಲಿ ರೆಕ್ಕೆ ಮುರಿದವರಿಗೆ ಆ ದಿನ ಊಟ ಸೇರುವುದಿಲ್ಲ, ಅಷ್ಟು ಬೈಗುಳ ಸಿಗುತ್ತದೆ. ರೈಟರ ಮಗಳ ರಕ್ತ ಸುಮ್ಮನಿರುತ್ತದಾ?

"ಅಯ್ಯೋ! ಎಂಥ ಮಾಡ್ತಿದ್ದೀಯೇ ಮಾರಾಯ್ತಿ? ಕಾಯಿ ಯಾರಾದ್ರೂ ಕೊಯ್ತಾರೇನೇ? ರೆಕ್ಕೆ ಮುರ್ದು ಹಾಕಿದ್ಯಲ್ಲೇ, ನಿನ್ನ ಕೈ ಸೇದೋಗ!"

ಟೋಪಿ ಮೇಲೆ ಎದ್ದಿತು. ಟೋಪಿಯ ಕೆಳಗೆ ನಮ್ಮ ಮೇಡಂ.

ಮೇಡಂ ಒಂದು ಕೈಯಲ್ಲಿ ಮುರಿದ ರೆಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಹಸಿರು ಪುಸ್ತಕ ತೆಗೆದು, "ಏನಂದೆ ನೀನು?" ಅಂತ ಚೀನೀ ಭಾಷೆಯಲ್ಲಿ ಕೇಳಿದರು.

ಹೋಯಿತು. ವರ್ಷವೂ ಹೋಯಿತು, ದುಭಾಷಿ ಕೆಲಸವೂ ಹೋಯಿತು. ಮುಳುಗಿದವಳಿಗೆ ಚಳಿಯೇನು? ಇನ್ನು ಯಾರ ಹೆದರಿಕೆ ಅಂತ ಶುರು ಮಾಡಿದೆ ನೋಡಿ, ಅವರ ಭಾಷೆಯಲ್ಲೇ! ಒಂದು ಹಸಿರು ಕಾಯಿ ಸೇರಿದರೂ ಬುಟ್ಟಿಯಷ್ಟು ಕಾಫಿ ಒಗರಾಗುತ್ತದೆ ಅಂದೆ. ಮುಂದಿನ ವರ್ಷ ಹೂ ಬಿಡಬೇಕಾದ ರೆಕ್ಕೆಯನ್ನೇ ಮುರಿದಿದ್ದೀರಿ, ಗಿಡ ಏನು ನಿಮ್ಮ ಶಾಲೆಯ ಬೆಂಚಾ ಅಂದೆ. ಮೇಡಮ್ಮಿನ ಕೈ ಹಿಡಿದು, ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿಸುವುದು ಹೇಗೆ ಅಂತ ತೋರಿಸಿದೆ. "ಅವಸರ ಮಾಡಬೇಡಿ. ಇನ್ನೊಂದು ಸಲ. ಊಹೂಂ, ತೊಟ್ಟು ಬಂತು. ಮತ್ತೆ!" ಅಂತ ಗದರಿಸಿದೆ. ಮುದುಕಿ ಉಳಿದವರನ್ನೂ ಕರೆದು ಕೇಳಲು ನಿಲ್ಲಿಸಿದಳು. ಅರ್ಧ ಗಂಟೆ ಕಳೆದಿರಬೇಕು. ಉಸಿರು ತೆಗೆದುಕೊಳ್ಳಲು ನಿಂತಾಗಲೇ, ಇಷ್ಟೂ ಹೊತ್ತು ಚೀನೀ ಭಾಷೆಯಲ್ಲಿ ಮಾತಾಡಿದವಳು ನಾನೇ ಅಂತ ನನಗೆ ಗೊತ್ತಾದದ್ದು.

ಮೇಡಂ ಗಡಿಯಾರ ನೋಡಿದರು. "ಮೌಖಿಕ ಪರೀಕ್ಷೆ ಮುಗಿಯಿತು. ಪಾಸು" ಅಂದರು. ನಾನು ಕುಣಿಯಬೇಕು ಅನ್ನುವಷ್ಟರಲ್ಲಿ, "ಆದರೆ ಮೊದಲು ಬೈದದ್ದು ನಿನ್ನ ಭಾಷೆಯಲ್ಲಿ. ನಿಯಮ ನಿಯಮವೇ" ಅಂತ ಪೆನ್ನು ತೆಗೆದರು.

ಆಗ ಮುದುಕಿ ಸೊಂಟಕ್ಕೆ ಕೈ ಇಟ್ಟು ಮುಂದೆ ಬಂದಳು. "ಗಿಡ ಯಾರದ್ದು?"

"ನಿಮ್ಮದು" ಅಂದರು ಮೇಡಂ.

"ಮುರಿದವರು ಯಾರು?"

ಮೇಡಂ ಎತ್ತಿದ್ದ ಪೆನ್ನನ್ನು ಕೆಳಗಿಳಿಸಿದರು.

"ಈ ಹುಡುಗಿ ಬೈದಳಲ್ಲ, ನನಗೆ ಒಂದು ಪದವೂ ಗೊತ್ತಾಗಲಿಲ್ಲ. ಆದರೆ ನಾನು ಬೈಯಬೇಕಾಗಿದ್ದದ್ದೂ ಅದನ್ನೇ. ನನ್ನ ಪರವಾಗಿ ಬೈದಳು. ಗೀಟು ಎಳೆಯುವುದಿದ್ದರೆ ಮುರಿದವರ ಹೆಸರಿಗೆ ಎಳೆ."

ನಮ್ಮ ಮೇಡಂ ನ್ಯಾಯವಂತರು. ಪುಸ್ತಕದ ಕೊನೆಯ ಹಾಳೆ ತೆಗೆದು, ತಮ್ಮ ಹೆಸರು ಬರೆದು, ಅದರ ಮುಂದೆ ನೆಟ್ಟಗೆ ಒಂದು ಗೀಟು ಎಳೆದರು. ನಾನು ಅಲ್ಲೇ ನೆಲದ ಮೇಲೆ ಕೂತು ಅಳುತ್ತಾ ನಕ್ಕೆ.

ಸಾಯಂಕಾಲ ಮುದುಕಿ ಎಲ್ಲರ ಬುಟ್ಟಿ ನೋಡುತ್ತಾ ಬಂದಳು. ನನ್ನ ಬುಟ್ಟಿಗೆ ತಲೆದೂಗಿದಳು. ಮೇಡಮ್ಮಿನ ಬುಟ್ಟಿಯೊಳಗೆ ಕೈ ಹಾಕಿ ಕಲಕಿ, ಕಾಯಿ, ಎಲೆ, ಒಂದು ಬಸವನಹುಳ ತೆಗೆದು ಹೊರಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದಳು, "ಇವಳಿಗೆ ಒಂದು ದಿನದ ಪಾಠ ಸಾಲದು. ನಾಲ್ಕು ತಿಂಗಳು ನಿಮ್ಮೂರಿಗೆ ಕರ್ಕೊಂಡು ಹೋಗು. ಅಲ್ಲೇ ಯಾರ ಮನೆಯಲ್ಲಾದರೂ ಇದ್ದು ಕಲಿತು ಬರಲಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಒಬ್ಬರೇ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನನ್ನು ಕೇಳಿದರು, "ನಿಮ್ಮಲ್ಲಿ ಕೊಯ್ಲು ಶುರುವಾಗೋದು ಯಾವ ತಿಂಗಳು?"